ಯಂತ್ರದ ಮುಖ ಯಾರ ಕಡೆಗಿದೆ?

ನಾಳೆ ಬೆಳಗ್ಗೆ ಸಂಘಕ್ಕೆ ಹಾಲು ಹಾಕಲು ಹೋದಾಗ ಒಂದು ಸಣ್ಣ ಪರೀಕ್ಷೆ ಮಾಡಿ. ತೂಕದ ಪಾತ್ರೆಗೆ ಹಾಲು ಸುರಿದ ಮೇಲೆ, ನಿಂತ ಜಾಗದಿಂದಲೇ, ಕತ್ತು ಚಾಚದೆ, ಅಂಕಿ ನಿಮ್ಮ ಕಣ್ಣಿಗೆ ಬೀಳುತ್ತದೆಯೇ ನೋಡಿ. ಜಿಡ್ಡು ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು ಬಂತು ಎಂಬುದನ್ನು ನೀವೇ ಓದಿಕೊಳ್ಳುತ್ತೀರೋ, ಮೇಜಿನ ಆ ಕಡೆ ಕೂತವರು ಹೇಳಿದ ಮೇಲಷ್ಟೇ ತಿಳಿಯುತ್ತದೋ? ಕೈಗೆ ಬಂದ ಚೀಟಿಯಲ್ಲಿರುವುದು ಕನ್ನಡವೋ ಇಂಗ್ಲಿಷೋ? ಮಸಿ ತೇಲಿದ ಅಕ್ಷರ ಬೆಳಕಿಗೆ ಹಿಡಿದರಾದರೂ ಕಾಣುತ್ತದೋ ಇಲ್ಲವೋ?

ಬಹಳ ಕಡೆ ಯಂತ್ರದ ಮುಖ ಹಾಲು ಪರೀಕ್ಷಕರ ಕಡೆಗೇ ಇರುತ್ತದೆ. ಇದರಲ್ಲಿ ಯಾರ ಕಪಟವೂ ಇರಬೇಕೆಂದಿಲ್ಲ. ಯಂತ್ರ ತಂದವರು ಪ್ಲಗ್ ಹತ್ತಿರವಿದ್ದ ಕಡೆ ಇಟ್ಟರು, ಗುಂಡಿ ಒತ್ತುವವರ ಕಡೆ ತಿರುಗಿಸಿದರು, ಅದು ಅಲ್ಲೇ ಉಳಿಯಿತು. ಆದರೆ ಹಾಲು ನಿಮ್ಮದು, ಬಟವಾಡೆ ನಿಮ್ಮದು, ಕತ್ತಲಲ್ಲೇ ಎದ್ದು ಸಗಣಿ ಬಾಚಿ ಹುಲ್ಲು ಹೊತ್ತ ದುಡಿಮೆ ನಿಮ್ಮದು. ಅದರ ಲೆಕ್ಕ ತೋರಿಸುವ ಪರದೆ ಮಾತ್ರ ಇನ್ನೊಬ್ಬರ ಕಡೆ ನೋಡುತ್ತಿದೆ. ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಸಿದ್ಧ: "ನಂಗೆ ಈ ಮಿಷಿನ್ ಎಲ್ಲ ಗೊತ್ತಾಗಲ್ಲ ಕಣಣ್ಣ, ನೀವೇ ನೋಡಿ ಹೇಳಿ."

ಈ ಲೇಖನ ಆ ಮಾತಿನ ಬಗ್ಗೆಯೇ. ಗೊತ್ತಾಗದಿರುವುದಕ್ಕೆ ಓದು ಕಡಿಮೆಯಾದದ್ದೋ ವಯಸ್ಸಾದದ್ದೋ ಕಾರಣ ಎಂದು ನೀವು ಅಂದುಕೊಂಡಿರಬಹುದು. ವಸ್ತುಗಳನ್ನು ರೂಪಿಸುವುದನ್ನೇ ಕಸುಬು ಮಾಡಿಕೊಂಡವರು ಬೇರೆಯದನ್ನೇ ಹೇಳುತ್ತಾರೆ.

ತಳ್ಳಬೇಕೋ, ಎಳೆಯಬೇಕೋ?

ಶಿವಮೊಗ್ಗ ಪೇಟೆಗೆ ಹೋದಾಗ ಬ್ಯಾಂಕಿನ ಅಥವಾ ದೊಡ್ಡ ಅಂಗಡಿಯ ಗಾಜಿನ ಬಾಗಿಲ ಮುಂದೆ ಒಂದು ನಿಮಿಷ ನಿಂತು ನೋಡಿ. ಎರಡೂ ಕಡೆ ಒಂದೇ ತರದ ಉದ್ದ ಹಿಡಿ. ಹಿಡಿ ಕಂಡರೆ ಯಾರಾದರೂ ಎಳೆಯುತ್ತಾರೆ. ಎಳೆದರೆ ಬರುವುದಿಲ್ಲ, ತಳ್ಳಬೇಕು. ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಆದರೆ ಬಾಗಿಲು ತೆರೆಯಲು ಓದು ಏಕೆ ಬೇಕು? ತಳ್ಳಬೇಕಾದ ಕಡೆ ಹಿಡಿಯೇ ಇಲ್ಲದೆ ಒಂದು ಚಪ್ಪಟೆ ತಗಡು ಹಾಕಿದ್ದರೆ ಕೈ ತಾನಾಗಿ ತಳ್ಳುತ್ತಿತ್ತು. ಇಂಗ್ಲಿಷ್ ಬಲ್ಲ ಕಾಲೇಜು ಹುಡುಗರೂ ಅಲ್ಲಿ ಎಡವುತ್ತಾರೆ, ಗಮನಿಸಿ.

ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಂಥ ಬಾಗಿಲುಗಳ ಮೇಲೆಯೇ ತಲೆ ಕೆಡಿಸಿಕೊಂಡು 1988ರಲ್ಲಿ ಒಂದು ಪುಸ್ತಕ ಬರೆದರು. ಬಾಗಿಲು, ನಲ್ಲಿ, ಸ್ವಿಚ್ಚು, ಒಲೆ ಇವೇ ಅದರ ವಿಷಯ. ಜನ ಒಂದು ವಸ್ತುವಿನ ಜೊತೆ ಮತ್ತೆ ಮತ್ತೆ ತಪ್ಪು ಮಾಡುತ್ತಿದ್ದರೆ ಜನರನ್ನು ಬೈಯಬೇಡಿ, ವಸ್ತುವನ್ನು ಸರಿಮಾಡಿ ಎನ್ನುವುದು ಅವರ ವಾದ. ಇಂಥ ಕೆಟ್ಟ ಬಾಗಿಲುಗಳಿಗೆ ಈಗ ಪ್ರಪಂಚದಾದ್ಯಂತ 'ನಾರ್ಮನ್ ಬಾಗಿಲು' ಎಂದೇ ಹೆಸರು. ಪಾಪ, ಬೈದವರ ಹೆಸರೇ ಬಾಗಿಲಿಗೆ ಅಂಟಿಕೊಂಡಿತು.

ಜಪಾನಿನ ಒಂದು ಸಂಗತಿ ಇನ್ನೂ ಹತ್ತಿರದ್ದು. ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ ಅಲ್ಲಿನ ಕಾರ್ಖಾನೆಗಳಲ್ಲಿ ತಪ್ಪಿಗೆ ಅವಕಾಶವೇ ಇಲ್ಲದಂತೆ ಸಲಕರಣೆಗಳನ್ನು ಹೊಂದಿಸುವ ಪದ್ಧತಿ ಕಲಿಸುತ್ತಿದ್ದರು. ಭಾಗವನ್ನು ಉಲ್ಟಾ ಜೋಡಿಸಲು ಹೋದರೆ ಅದು ಕೂರುವುದೇ ಇಲ್ಲ, ಆ ತರಹ. ಮೊದಲು ಆ ಪದ್ಧತಿಗೆ ಇದ್ದ ಹೆಸರಿನ ಅರ್ಥ 'ದಡ್ಡರಿಂದ ಕಾಪಾಡುವುದು' ಎಂದು. 1963ರಲ್ಲಿ ಕಾರಿನ ಬಾಡಿ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಅದನ್ನು ಅಳವಡಿಸಿದಾಗ ಅಲ್ಲಿನ ಹೆಣ್ಣುಮಗಳೊಬ್ಬಳು, ಇಷ್ಟು ದಿನ ನಾನು ಅಷ್ಟು ದಡ್ಡಿಯಾಗಿದ್ದೆನೇ ಎಂದು ಅತ್ತುಬಿಟ್ಟಳಂತೆ. ಶಿಂಗೊ ಹೆಸರನ್ನೇ ಬದಲಾಯಿಸಿದರು. ಹೊಸ ಹೆಸರು 'ಪೋಕಾ-ಯೋಕೆ', ಅಂದರೆ ಕೈತಪ್ಪಿನಿಂದ ಕಾಪಾಡುವುದು. ತಪ್ಪು ಯಾರಿಂದಲಾದರೂ ಆಗುತ್ತದೆ, ದಡ್ಡತನಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಹೆಸರು ಇಂದು ಪ್ರಪಂಚದ ಎಲ್ಲ ದೊಡ್ಡ ಕಾರ್ಖಾನೆಗಳಲ್ಲೂ ಚಾಲ್ತಿಯಲ್ಲಿದೆ, ಮತ್ತು ಅದರ ಹಿಂದೆ ಒಬ್ಬ ಕೆಲಸದ ಹೆಂಗಸಿನ ಕಣ್ಣೀರಿದೆ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಚೊಂಬು ನೋಡಿ ಕಲಿತವರು

ಒಳ್ಳೆಯ ವಿನ್ಯಾಸ ಎಂದರೆ ಹೊರದೇಶದ ಸರಕು ಎಂದುಕೊಳ್ಳಬೇಡಿ. 1958ರಲ್ಲಿ ಭಾರತ ಸರ್ಕಾರ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ವಿನ್ಯಾಸಕ ದಂಪತಿಯನ್ನು ಕರೆಸಿ, ನಮ್ಮಲ್ಲಿ ವಿನ್ಯಾಸ ಶಿಕ್ಷಣ ಹೇಗಿರಬೇಕು ಎಂದು ಕೇಳಿತು. ಅವರು ದೇಶ ಸುತ್ತಿ ಕೊಟ್ಟ ವರದಿಯಲ್ಲಿ ಅತ್ಯಂತ ಹೊಗಳಿದ್ದು ನಮ್ಮ ಚೊಂಬನ್ನು! ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೆ ಹೊರುವುದೋ ಸೊಂಟದ ಮೇಲೋ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಖಾಲಿಯಾದಾಗ ಎಲ್ಲಿ, ಸುರಿಯುವಾಗ ಧಾರೆ ಹೇಗೆ ಬೀಳುತ್ತದೆ, ಒಳಗೆ ಕೈ ಹಾಕಿ ತೊಳೆಯಬಹುದೇ, ಬಿಸಿಲಿಗೆ ಕಾದರೆ ಮುಟ್ಟಲು ಹೇಗಿರುತ್ತದೆ, ಕೊನೆಗೆ ಹಳೆಯದಾದ ಮೇಲೆ ಲೋಹಕ್ಕೆ ಎಷ್ಟು ಬೆಲೆ ಬರುತ್ತದೆ ಎಂಬ ಪ್ರಶ್ನೆಗಳನ್ನೆಲ್ಲ ಅವರು ಪಟ್ಟಿ ಮಾಡಿದರು. ಇದನ್ನೆಲ್ಲ ಯಾವ ಒಬ್ಬ ವಿನ್ಯಾಸಕನೂ ಕೂತು ಬಿಡಿಸಿಲ್ಲ, ತಲೆತಲಾಂತರದ ಕೈಗಳು ತಿದ್ದಿ ತಿದ್ದಿ ಮಾಡಿವೆ ಎಂದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಈಗ ಬೆಂಗಳೂರಿನಲ್ಲೂ ಅದರ ಒಂದು ಕೇಂದ್ರವಿದೆ.

ಅದೇ ಕಣ್ಣಿನಿಂದ ನಿಮ್ಮ ಅಡಿಗೆಮನೆಯ ಈಳಿಗೆಮಣೆ ನೋಡಿ. ಮಣೆಯ ಮೇಲೆ ಕೂತವರ ಭಾರವೇ ಕತ್ತಿಯನ್ನು ಅಲುಗದಂತೆ ಹಿಡಿಯುತ್ತದೆ. ಎರಡೂ ಕೈ ತರಕಾರಿಗೆ ಖಾಲಿ. ಹೆಚ್ಚಿದ್ದು ಕೆಳಗಿನ ತಟ್ಟೆಗೇ ಬೀಳುತ್ತದೆ. ತುದಿಯಲ್ಲೇ ಕಾಯಿ ತುರಿಯುವ ಹಲ್ಲು. ಇದಕ್ಕೆ ಬಳಕೆಯ ಸೂಚನೆಯ ಪುಸ್ತಕ ಯಾರೂ ಅಚ್ಚು ಹಾಕಿಲ್ಲ. ಮೊಣಕಾಲು ನೋವಿರುವ ಅತ್ತೆಯವರಿಗೆ ನೆಲದ ಮೇಲೆ ಕೂರಲು ಆಗದು ಎಂಬುದು ಅದರ ಕೊರತೆ, ನಿಜ. ಯಾರಿಗೆ, ಎಲ್ಲಿ, ಯಾವ ವಯಸ್ಸಿಗೆ ಎಂಬ ಪ್ರಶ್ನೆ ಚೊಂಬಿಗೂ ಇದೆ, ಈಳಿಗೆಗೂ ಇದೆ, ಹಾಲಿನ ಯಂತ್ರಕ್ಕೂ ಇದೆ.

ನಾಲ್ಕು ಬಟ್ಟಲು, ನಾಲ್ಕು ಮೊಲೆ

ಈಗ ಕೊಟ್ಟಿಗೆಗೆ ಬನ್ನಿ. ಹೈನುಗಾರಿಕೆಗೆಂದು ಬಂದ ಸಲಕರಣೆಗಳಲ್ಲಿ ಬಳಸುವವರ ಕಣ್ಣು ಕೈಗೆ ಹೊಂದುವಂತೆ ಮಾಡಿದವು ಎರಡಿವೆ. ಎರಡೂ ಅಗ್ಗದವು, ಎರಡಕ್ಕೂ ಕರೆಂಟು ಬೇಡ.

ಒಂದು, ಮೊದಲ ಹಾಲು ಕರೆದು ನೋಡುವ ಕಪ್ಪು ತಟ್ಟೆಯ ಲೋಟ, ಸ್ಟ್ರಿಪ್ ಕಪ್. ಪ್ರತಿ ಮೊಲೆಯಿಂದ ಮೊದಲ ಎರಡು ಮೂರು ಧಾರೆ ಅದರ ಮೇಲೆ ಬಿಡಬೇಕು. ತಟ್ಟೆ ಏಕೆ ಕಪ್ಪು? ಬಿಳಿ ಹಾಲಿನಲ್ಲಿ ಬಿಳಿ ಗಂಟು ಕಾಣುವುದಿಲ್ಲ. ಸ್ಟೀಲ್ ಪಾತ್ರೆಯ ಹೊಳಪಿನಲ್ಲೂ ಕಾಣುವುದಿಲ್ಲ. ಕಪ್ಪಿನ ಮೇಲೆ ಹಾಲು ತೆಳುವಾಗಿ ಹರಿದಾಗ ಒಂದು ಸಾಸಿವೆಯಷ್ಟು ಗಂಟಿದ್ದರೂ, ಹಾಲು ನೀರಾಗಿದ್ದರೂ ತಕ್ಷಣ ತಿಳಿಯುತ್ತದೆ. ಕೊಂಡುಕೊಳ್ಳಲು ಆಗದಿದ್ದರೆ ಕಪ್ಪು ಬಣ್ಣದ ಯಾವುದಾದರೂ ಅಗಲ ಬಟ್ಟಲು ಸಾಕು. ಆ ಹಾಲನ್ನು ನೆಲಕ್ಕೆ ಚೆಲ್ಲಬೇಡಿ, ರೋಗವಿದ್ದರೆ ಹಾಸಿನಿಂದಲೇ ಇನ್ನೊಂದು ರಾಸಿಗೆ ಹರಡುತ್ತದೆ.

ಎರಡನೆಯದು, ಹೊರಗೆ ಕಾಣದ ಗುಪ್ತ ಕೆಚ್ಚಲು ಬಾವನ್ನು ಪತ್ತೆ ಮಾಡುವ ನಾಲ್ಕು ಬಟ್ಟಲಿನ ಹಲಗೆ. ಇದನ್ನು 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದರು, ಅದರಿಂದಲೇ ಸಿಎಂಟಿ, ಅಂದರೆ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್ ಎಂಬ ಹೆಸರು. ಮೊದಲ ಧಾರೆಗಳನ್ನು ಕಪ್ಪು ಲೋಟಕ್ಕೆ ಬಿಟ್ಟ ಮೇಲೆ, ಪ್ರತಿ ಮೊಲೆಯಿಂದ ಸುಮಾರು ಅರ್ಧ ಚಮಚದಷ್ಟು ಹಾಲನ್ನು ಅದರದರ ಬಟ್ಟಲಿಗೆ ಕರೆಯಬೇಕು. ಅಷ್ಟೇ ಪ್ರಮಾಣದ ಪರೀಕ್ಷಾ ದ್ರಾವಣ ಸೇರಿಸಿ ಹತ್ತು ಸೆಕೆಂಡು ಮೆಲ್ಲಗೆ ವೃತ್ತಾಕಾರವಾಗಿ ಆಡಿಸಬೇಕು. ಹಾಲು ಹಾಲಿನಂತೆಯೇ ಓಡಾಡಿದರೆ ಆ ಭಾಗ ಆರೋಗ್ಯವಾಗಿದೆ. ಲೋಳೆಯಾಗಿ, ಕೊನೆಗೆ ಗಟ್ಟಿ ಗಂಜಿಯಂತೆ ನಡುವೆ ಗುಡ್ಡೆ ಕಟ್ಟಿದರೆ ಬಾವು ಇದೆ. ದ್ರಾವಣ ಹಾಲಿನಲ್ಲಿರುವ ರಕ್ಷಣಾ ಕಣಗಳನ್ನು ಒಡೆಯುತ್ತದೆ, ಒಡೆದ ಕಣಗಳ ಒಳಗಿನ ಸರಕೇ ಲೋಳೆಯಾಗುವುದು. ಕಣ ಹೆಚ್ಚಿದ್ದಷ್ಟು ಲೋಳೆ ಹೆಚ್ಚು.

ಇಲ್ಲಿ ಜಾಣತನ ಇರುವುದು ಬಟ್ಟಲುಗಳ ಜೋಡಣೆಯಲ್ಲಿ. ನಾಲ್ಕನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದರೆ ಯಾವುದು ಮುಂದಿನ ಎಡ, ಯಾವುದು ಹಿಂದಿನ ಬಲ ಎಂದು ನೀವು ನೆನಪಿಟ್ಟುಕೊಳ್ಳಬೇಕಿತ್ತು. ಕೆಚ್ಚಲಿನಲ್ಲಿ ಮೊಲೆಗಳು ಹೇಗಿವೆಯೋ ಹಾಗೆಯೇ ಎರಡೆರಡಾಗಿ ಬಟ್ಟಲುಗಳಿವೆ. ಹಿಡಿ ಪ್ರತಿ ಸಲ ಒಂದೇ ದಿಕ್ಕಿಗೆ ಇರುವಂತೆ ಹಿಡಿದರೆ ಸಾಕು. ಲೋಳೆಯಾದ ಬಟ್ಟಲು ಯಾವುದೋ ರೋಗದ ಮೊಲೆ ಅದೇ. ಬರೆಯಬೇಕಿಲ್ಲ, ಓದಬೇಕಿಲ್ಲ. ಕರು ಹಾಕಿದ ಮೊದಲ ಕೆಲವು ದಿನ ಮತ್ತು ಹಾಲು ಬತ್ತಿಸುವ ಹೊತ್ತಿನಲ್ಲಿ ಮಾತ್ರ ಈ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ, ಆಗ ಆರೋಗ್ಯವಾಗಿದ್ದರೂ ಲೋಳೆಯಾಗಬಹುದು. ಲೋಳೆ ಕಂಡರೆ ಪಶುವೈದ್ಯರಿಗೆ ತೋರಿಸಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಎಂಬ ನಾಲ್ಕೇ ಅಂಕಿಯ ಉಚಿತ ಕರೆ ಇದೆ. ನಾಲ್ಕು ಅಂಕಿ ಯಾರ ನಾಲಿಗೆಯಲ್ಲೂ ನಿಲ್ಲುತ್ತದೆ, ಹತ್ತು ಅಂಕಿ ನಿಲ್ಲುವುದಿಲ್ಲ. ಇದೂ ವಿನ್ಯಾಸವೇ.

ಹೀಗೆ ಮಾಡದ ವಸ್ತುವೂ ಮನೆಯಲ್ಲೇ ಇರಬಹುದು. ಮೂರು ನಾಲ್ಕು ಉರಿಯ ಗ್ಯಾಸ್ ಒಲೆಯಲ್ಲಿ ಉರಿಗಳು ಚೌಕಾಕಾರವಾಗಿರುತ್ತವೆ, ತಿರುಗಿಸುವ ಗುಬ್ಬಿಗಳು ಮಾತ್ರ ಮುಂದೆ ಒಂದೇ ಸಾಲಿನಲ್ಲಿ. ಹಿಂದಿನ ಉರಿಗೆ ಯಾವ ಗುಬ್ಬಿ? ಹತ್ತು ವರ್ಷ ಅದೇ ಒಲೆಯಲ್ಲಿ ಅಡಿಗೆ ಮಾಡಿದವರೂ ಒಮ್ಮೊಮ್ಮೆ ಹಾಲು ಉಕ್ಕುವಾಗ ಬೇರೆಯದನ್ನು ಆರಿಸುತ್ತಾರೆ. ನಾರ್ಮನ್ ಅವರ ಪುಸ್ತಕದಲ್ಲಿ ಈ ಒಲೆಗೇ ಹಲವು ಪುಟಗಳಿವೆ. ಎರಡು ಉರಿಯ ಹಳೆಯ ಒಲೆಯಲ್ಲಿ ಎಡದ ಗುಬ್ಬಿ ಎಡಕ್ಕೆ, ಬಲದ್ದು ಬಲಕ್ಕೆ; ಅಲ್ಲಿ ತಕರಾರೇ ಇಲ್ಲ.

ಒತ್ತಿದ ಮೇಲೆ ಏನಾಯಿತು?

ನೀವೆಲ್ಲ ಬಳಸಿರುವ ಒಂದು ಯಂತ್ರ ನಮ್ಮ ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲೂ ಹೈದರಾಬಾದಿನ ಇಸಿಐಎಲ್‌ನಲ್ಲೂ ತಯಾರಾಗುತ್ತದೆ: ಮತಯಂತ್ರ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಬಾರಿ ಬಳಸಿದರು, 2004ರ ಲೋಕಸಭಾ ಚುನಾವಣೆ ಪೂರ್ತಿಯಾಗಿ ಅದರಲ್ಲೇ ನಡೆಯಿತು. ಓದು ಬರಹ ಬಲ್ಲವರು, ಬಾರದವರು, ಕಣ್ಣು ಮಂಜಾದವರು, ಜೀವಮಾನದಲ್ಲಿ ಬೇರೆ ಯಾವ ಯಂತ್ರವನ್ನೂ ಮುಟ್ಟದವರು, ಎಲ್ಲರೂ ಅದನ್ನು ಯಾರ ಸಹಾಯವೂ ಇಲ್ಲದೆ ಬಳಸುತ್ತಾರೆ. ಹೇಗೆ?

ಹೆಸರಿನ ಪಕ್ಕದಲ್ಲೇ ಚಿಹ್ನೆ, ಚಿಹ್ನೆಯ ಪಕ್ಕದಲ್ಲೇ ನೀಲಿ ಗುಂಡಿ. ಗುಂಡಿ ಒತ್ತಿದರೆ ಅದರ ಪಕ್ಕದಲ್ಲೇ ಕೆಂಪು ದೀಪ. ಜೊತೆಗೆ ಉದ್ದನೆಯ 'ಬೀಪ್'. ಈಗ ವಿವಿಪ್ಯಾಟ್ ಪೆಟ್ಟಿಗೆಯ ಕಿಟಕಿಯಲ್ಲಿ ನಿಮ್ಮ ಮತದ ಚೀಟಿ 7 ಸೆಕೆಂಡು ಕಾಣಿಸಿ ಒಳಗೆ ಬೀಳುತ್ತದೆ. ಕಣ್ಣಿಗೆ ಒಂದು ಸುದ್ದಿ, ಕಿವಿಗೆ ಒಂದು ಸುದ್ದಿ. ಎರಡನೇ ಸಲ ಒತ್ತಿದರೆ ಏನೂ ಆಗುವುದಿಲ್ಲ, ತಪ್ಪಿಗೆ ದಾರಿಯೇ ಮುಚ್ಚಿದೆ. ಕಣ್ಣು ಕಾಣದವರಿಗೆ ಗುಂಡಿಯ ಬಳಿ ಬ್ರೈಲ್ ಅಂಕಿಯೂ ಇದೆ.

ಇನ್ನು ಮೊಬೈಲ್ ತೆಗೆದುಕೊಳ್ಳಿ. ಹಿಂಡಿ ಅಂಗಡಿಗೆ ದುಡ್ಡು ಕಳಿಸಲು ಗುಂಡಿ ಒತ್ತಿದಿರಿ. ಪರದೆಯ ಮೇಲೆ ಒಂದು ಚಕ್ರ ಗಿರಗಿರ ತಿರುಗುತ್ತಿದೆ. ಹೋಯಿತೋ ಇಲ್ಲವೋ? ಮತ್ತೊಮ್ಮೆ ಒತ್ತಲೋ ಬೇಡವೋ? ಅಂಗಡಿಯ ಪೆಟ್ಟಿಗೆ "ಇಷ್ಟು ರೂಪಾಯಿ ಬಂದಿದೆ" ಎಂದು ಕನ್ನಡದಲ್ಲಿ ಕೂಗಿದ ಮೇಲಷ್ಟೇ ಇಬ್ಬರಿಗೂ ಸಮಾಧಾನ. ಆ ಕೂಗುವ ಪೆಟ್ಟಿಗೆ ಊರೂರಲ್ಲಿ ಹರಡಿರುವುದು ಸುಮ್ಮನೆ ಅಲ್ಲ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಒಂದೇ ಸಮಯಕ್ಕೆ, ಬಾಯಿಬಿಟ್ಟು, ಆದದ್ದನ್ನು ಹೇಳುತ್ತದೆ.

'ಹೇಳಿದ್ದೇನೆ' ಎನ್ನುವುದಕ್ಕೂ 'ಆಗಿದೆ' ಎನ್ನುವುದಕ್ಕೂ ಎಷ್ಟು ಅಂತರ ಎಂಬುದಕ್ಕೆ ಒಂದು ದೊಡ್ಡ ಅಪಘಾತವೇ ಸಾಕ್ಷಿ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒಂದು ವಾಲ್ವ್ ಮುಚ್ಚದೆ ತೆರೆದೇ ಉಳಿಯಿತು. ಫಲಕದ ಮೇಲಿನ ದೀಪ ಮಾತ್ರ ಆರಿತ್ತು. ದೀಪ ಆರಿದರೆ ವಾಲ್ವ್ ಮುಚ್ಚಿದೆ ಎಂದು ಕೆಲಸದವರು ತಿಳಿದರು. ವಾಸ್ತವದಲ್ಲಿ ಆ ದೀಪ ಹೇಳುತ್ತಿದ್ದದ್ದು 'ಮುಚ್ಚಲು ಆಜ್ಞೆ ಹೋಗಿದೆ' ಎಂದಷ್ಟೇ. ಗಂಟೆಗಟ್ಟಲೆ ಯಾರಿಗೂ ನಿಜ ತಿಳಿಯಲಿಲ್ಲ, ಸ್ಥಾವರದ ಒಡಲು ಭಾಗಶಃ ಕರಗಿಹೋಯಿತು. ಮೊದಲು ಕೆಲಸದವರನ್ನೇ ದೂರಿದರು. ಆಮೇಲೆ ಅದನ್ನು ಪರಿಶೀಲಿಸಲು ಕರೆದವರಲ್ಲಿ ಆ ಬಾಗಿಲಿನ ನಾರ್ಮನ್ ಕೂಡ ಒಬ್ಬರು. ಫಲಕವನ್ನು ರೂಪಿಸಿದ ರೀತಿಯೇ ತಪ್ಪಿಗೆ ಕರೆ ಕೊಡುವಂತಿತ್ತು ಎಂಬುದು ಅವರ ತೀರ್ಮಾನ.

ಬಟವಾಡೆಯಲ್ಲೂ ಇದನ್ನು ನೆನಪಿಡಿ. "ನಿಮ್ಮ ಹಣ ಹಾಕಿದ್ದೇವೆ" ಎಂಬ ಮಾತು ಆಜ್ಞೆ ಹೋದ ಸುದ್ದಿ. ಪಾಸ್‌ಬುಕ್ಕಿನಲ್ಲಿ ಅಥವಾ ಬ್ಯಾಂಕಿನ ಸಂದೇಶದಲ್ಲಿ ಕಂಡ ಅಂಕಿ ಆಗಿರುವ ಸುದ್ದಿ. ಸರ್ಕಾರದ ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನ ನೇರವಾಗಿ ಬ್ಯಾಂಕ್ ಖಾತೆಗೆ ಬರುವುದರಿಂದ ಯಾವ ಖಾತೆಗೆ ಬರುತ್ತಿದೆ, ಆ ಖಾತೆ ನಿಮ್ಮ ಹೆಸರಿನಲ್ಲಿದೆಯೇ, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ನಿಮ್ಮ ಕೈಯಲ್ಲಿರುವ ಫೋನಿನದೇ, ಮಗನದೋ ಯಜಮಾನರದೋ, ಒಮ್ಮೆ ಖಚಿತ ಮಾಡಿಕೊಳ್ಳಿ. ಮನೆಯಲ್ಲಿ ಜಗಳ ಮಾಡಿ ಎನ್ನುತ್ತಿಲ್ಲ. ಸಂದೇಶ ಬಂದಾಗ ಓದುವವರು ಯಾರು ಎಂದು ಕೇಳುತ್ತಿದ್ದೇನೆ, ಅಷ್ಟೇ.

ಇನ್ನೊಂದು ಎಚ್ಚರಿಕೆ. ಫೋನಿನಲ್ಲಿ ಹಣ ಕಳಿಸಲು ಪಿನ್ ಬೇಕು, ಹಣ ಪಡೆಯಲು ಪಿನ್ ಬೇಡವೇ ಬೇಡ. "ನಿಮ್ಮ ಹಸುವಿಗೆ ಮುಂಗಡ ಕಳಿಸುತ್ತಿದ್ದೇನೆ ಅಕ್ಕಾ, ಪಿನ್ ಒತ್ತಿ ತಗೊಳ್ಳಿ" ಎಂದು ಯಾರಾದರೂ ಅಂದರೆ ಅವರು ಕೊಡುವವರಲ್ಲ, ಕೀಳುವವರು. ಕೊಡುವ ಪರದೆಯೂ ಪಡೆಯುವ ಪರದೆಯೂ ನೋಡಲು ಒಂದೇ ತರಹ ಇರುವುದರಿಂದಲೇ ಈ ಮೋಸ ನಡೆಯುತ್ತದೆ. ಮೋಸ ಹೋದವರನ್ನು ಊರವರು ದಡ್ಡರೆನ್ನುತ್ತಾರೆ. ಪರದೆಯ ಬಣ್ಣವೊಂದನ್ನು ಬದಲಾಯಿಸಿದ್ದರೂ ಅವರಲ್ಲಿ ಎಷ್ಟೋ ಜನ ಉಳಿಯುತ್ತಿದ್ದರು.

ಎರಡು ತಿರುಪಿನ ರೇಡಿಯೊ

ನಮ್ಮ ಜಿಲ್ಲೆಯ ಹಳೆಯ ಮನೆಗಳಿಗೆ ಒಳ್ಳೆಯ ಯಂತ್ರ ಎಂದರೆ ರೇಡಿಯೊ. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ ಮೇಲೆ ಕೃಷಿ, ಪಶುಪಾಲನೆಯ ಮಾತು ಅಡಿಗೆಮನೆಯವರೆಗೆ ಬಂತು. ಒಂದು ತಿರುಪು ದನಿಗೆ, ಇನ್ನೊಂದು ನಿಲ್ದಾಣಕ್ಕೆ. ಎಷ್ಟು ತಿರುಗಿಸಿದರೆ ಅಷ್ಟು. ಭದ್ರಾವತಿ ಸಿಕ್ಕುವ ಜಾಗದಲ್ಲಿ, ಆ 675ರ ಆಸುಪಾಸಿನಲ್ಲಿ, ಅಜ್ಜಿಯಂದಿರು ಗಾಜಿನ ಮೇಲೆ ಕುಂಕುಮದ ಬೊಟ್ಟು ಇಟ್ಟರೆ ಆಯಿತು. ಅಂಕಿ ಓದಲು ಬಾರದಿದ್ದರೂ ಮುಳ್ಳು ಬೊಟ್ಟಿಗೆ ಬಂದರೆ ಕಾರ್ಯಕ್ರಮ ಬಂತು. ಯಂತ್ರವನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳಲು ಅದು ಜಾಗ ಬಿಟ್ಟಿತ್ತು. ಇಂದಿನ ಫೋನು ಪ್ರತಿ ಕೆಲವು ತಿಂಗಳಿಗೊಮ್ಮೆ 'ಅಪ್‌ಡೇಟ್' ಆಗಿ ಗುಂಡಿಗಳ ಜಾಗವನ್ನೇ ಬದಲಿಸುತ್ತದೆ. ಕಷ್ಟಪಟ್ಟು ಕಲಿತದ್ದು ರಾತ್ರಿ ಬೆಳಗಾಗುವುದರೊಳಗೆ ವ್ಯರ್ಥ. ಇದನ್ನು ಪ್ರಗತಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಬೊಟ್ಟಿಡುವ ಉಪಾಯ ಈಗಲೂ ನಡೆಯುತ್ತದೆ. ಮೇವು ಕತ್ತರಿಸುವ ಯಂತ್ರದ ಆರಿಸುವ ಗುಂಡಿಗೆ ಕೆಂಪು ಬಣ್ಣ ಬಳಿಯಿರಿ. ರಾಸಿನ ಕಿವಿಯೋಲೆಯ 12 ಅಂಕಿಯನ್ನು ನಾಲ್ಕು ನಾಲ್ಕಾಗಿ ಬಿಡಿಸಿ, ಹಸುವಿನ ಹೆಸರಿನ ಜೊತೆ ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ವಿಮೆಗೋ ಲಸಿಕೆಗೋ ಕೇಳಿದಾಗ ಒದೆಯುವ ಹಸುವಿನ ಕಿವಿ ಹಿಡಿಯಬೇಕಿಲ್ಲ.

ಬಣ್ಣದ ಉಪಯೋಗ ನಿಮ್ಮ ಹಾಲಿಗೇ ಆಗಿದೆ. ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಡೈರಿಗೆ ಹೋದ ಹಾಲು ಪೇಟೆಯಲ್ಲಿ ನೀಲಿ, ಹಸಿರು, ಕೇಸರಿ ಪೊಟ್ಟಣಗಳಲ್ಲಿ ಸಿಗುತ್ತದೆ. ನೀಲಿಯದು ಟೋನ್ಡ್ ಹಾಲು, ಹಸಿರಿನದು ಹಸುವಿನ ಹಾಲು, ಕೇಸರಿಯದು ಶುಭಂ. ಮುಂಜಾನೆ ನಿದ್ದೆಗಣ್ಣಿನ ಗಿರಾಕಿ "ಒಂದು ನೀಲಿ ಕೊಡಿ" ಎನ್ನುತ್ತಾರೆ. ಜಿಡ್ಡಿನ ಪ್ರಮಾಣ ಕೇಳುವವರು ಅಪರೂಪ. ಬಣ್ಣಗಳ ವ್ಯತ್ಯಾಸ ತಿಳಿಯದ ಕಣ್ಣಿನವರೂ ಇರುವುದರಿಂದ ಹೆಸರು, ಅಂಕಿಯೂ ಪೊಟ್ಟಣದ ಮೇಲೆ ಇರಲೇಬೇಕು.

ಸಂಘದಲ್ಲಿ ಕೇಳಬಹುದಾದದ್ದು

ಮತ್ತೆ ಆ ಮೇಜಿನ ವಿಚಾರ. ಮೊದಲು ಜಿಡ್ಡನ್ನು ಗರ್ಬರ್ ವಿಧಾನದಲ್ಲಿ ನೋಡುತ್ತಿದ್ದರು, ಸ್ವಿಸ್ ದೇಶದ ನಿಕ್ಲಾಸ್ ಗರ್ಬರ್ ಕಂಡುಹಿಡಿದದ್ದು. ಗಾಜಿನ ಕೊಳವೆಯಲ್ಲಿ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ಗಿರಗಿರ ತಿರುಗಿಸಿದರೆ ಜಿಡ್ಡು ಹಳದಿ ಕಂಬವಾಗಿ ಮೇಲೆ ನಿಲ್ಲುತ್ತಿತ್ತು. ಫಲಿತಾಂಶ ತಡವಾಗುತ್ತಿತ್ತು, ಆಮ್ಲ ಕೈ ಸುಡುತ್ತಿತ್ತು. ಆದರೆ ಬೇಕೆಂದರೆ ಕೊಳವೆ ಹಿಡಿದು ಜಿಡ್ಡನ್ನು ಕಣ್ಣಾರೆ ನೋಡಬಹುದಿತ್ತು. ಈಗಿನ ವಿಶ್ಲೇಷಕ ಯಂತ್ರ ಒಂದೆರಡು ನಿಮಿಷದೊಳಗೆ, ನಿಮ್ಮೆದುರಿಗೇ, ನಿಮ್ಮೊಬ್ಬರ ಹಾಲಿನದೇ ಅಂಕಿ ಕೊಡುತ್ತದೆ. ಇದು ದೊಡ್ಡ ಲಾಭ, ಹಿಂದಕ್ಕೆ ಹೋಗಬೇಕೆಂದು ಯಾರೂ ಕೇಳಲಾರರು. ಆದರೆ ಜಿಡ್ಡು ಈಗ ಪೆಟ್ಟಿಗೆಯೊಳಗೆ ಅಡಗಿ ಬರೀ ಅಂಕಿಯಾಗಿದೆ. ಆ ಅಂಕಿಯೂ ನಿಮಗೆ ಕಾಣದಿದ್ದರೆ ಉಳಿಯುವುದು ಏನು?

ಹಾಗಾಗಿ ಮೊದಲು ಕೇಳಬೇಕಾದದ್ದು ಸದಸ್ಯರ ಕಡೆ ಮುಖ ಮಾಡಿದ ಇನ್ನೊಂದು ದೊಡ್ಡ ಅಂಕಿಯ ಪರದೆ. ಅದು ಆಗುವವರೆಗೆ ಇರುವ ಯಂತ್ರವನ್ನೇ ಕಾಲು ಸುತ್ತು ತಿರುಗಿಸಿದರೂ ಇಬ್ಬರಿಗೂ ಕಾಣುತ್ತದೆ, ಖರ್ಚಿಲ್ಲ. ಚೀಟಿ ಕನ್ನಡದಲ್ಲಿರಲಿ. ಚೀಟಿಯಲ್ಲಿ ಪ್ರಮಾಣ ಕೆ.ಜಿ.ಯಲ್ಲಿದೆಯೋ ಲೀಟರಿನಲ್ಲಿದೆಯೋ ಸ್ಪಷ್ಟವಾಗಿ ಬರೆದಿರಲಿ. ಹಾಲು ನೀರಿಗಿಂತ ತೂಕ, 10 ಲೀಟರ್ ಹಾಲು ಸುಮಾರು 10.3 ಕೆ.ಜಿ. ತೂಗುತ್ತದೆ. ಮನೆಯಲ್ಲಿ ಲೀಟರ್ ಅಳತೆ ಮಾಡಿ ಸಂಘದಲ್ಲಿ ಕೆ.ಜಿ. ಓದಿದರೆ, ಅಥವಾ ಅದರ ಉಲ್ಟಾ ಆದರೆ, ಎರಡು ಲೆಕ್ಕ ತಾಳೆಯಾಗದೆ ಸುಮ್ಮನೆ ಸಂಶಯ ಹುಟ್ಟುತ್ತದೆ. ಎಸ್‌ಎನ್‌ಎಫ್ 8.5ಕ್ಕೆ ಮುಟ್ಟದ ದಿನ ಚೀಟಿಯ ಮೇಲೆ ಒಂದು ಗುರುತು ಬೀಳುವಂತಿದ್ದರೆ, ದರ ಏಕೆ ಕಡಿಮೆಯಾಯಿತು ಎಂದು ಬಟವಾಡೆಯ ದಿನ ಕೇಳುವ ಬದಲು ಅಂದೇ ಮೇವು, ಖನಿಜ ಮಿಶ್ರಣದ ಕಡೆ ಗಮನ ಕೊಡಬಹುದು.

ಇದನ್ನು ಕೇಳುವ ಜಾಗ ವಾರ್ಷಿಕ ಸರ್ವಸದಸ್ಯರ ಸಭೆ. ಸಹಕಾರ ಕಾಯ್ದೆಯ ಪ್ರಕಾರ ಅದು ಸೆಪ್ಟೆಂಬರ್ 25ರೊಳಗೆ ನಡೆಯಬೇಕು. ಹಿಂದಿನ ಸಾಲಿನಲ್ಲಿ ಕೂತು ಸಹಿ ಹಾಕಿ ಬರುವ ಬದಲು ಪರದೆಯ ವಿಷಯ ಒಂದನ್ನಾದರೂ ಬರೆದುಕೊಟ್ಟು ನಡಾವಳಿಯಲ್ಲಿ ಸೇರಿಸಿ. ನಿಮ್ಮದು ಮಹಿಳಾ ಸಂಘವಾದರೆ ಆಡಳಿತ ಮಂಡಳಿಯೇ ನಿಮ್ಮದು, ಇನ್ನೂ ಸುಲಭ.

ಸಂಘಕ್ಕೆ ಹೊಸ ಯಂತ್ರವೋ ಹೊಸ ಮೊಬೈಲ್ ಆ್ಯಪ್ಪೋ ಬರುವುದಾದರೆ ಕೊಳ್ಳುವ ಮೊದಲು ಒಂದು ಕೆಲಸ ಮಾಡಿಸಿ. ಜೇಕಬ್ ನೀಲ್ಸನ್ ಎಂಬ ತಜ್ಞರು ತೋರಿಸಿಕೊಟ್ಟಂತೆ, ಬಳಸುವ ಜನರಲ್ಲಿ ಐದು ಮಂದಿಯನ್ನು ಕೂರಿಸಿ ನೋಡಿದರೆ ಸಾಕು, ವಸ್ತುವಿನ ಬಹುಪಾಲು ತೊಂದರೆಗಳು ಹೊರಬೀಳುತ್ತವೆ. ನೂರು ಜನ ಬೇಡ. ಐದು ಸದಸ್ಯೆಯರು ಇರಲಿ: ಓದು ಬಾರದವರು ಒಬ್ಬರು, ಕನ್ನಡಕ ಹಾಕುವವರು ಒಬ್ಬರು, ಹೊಸ ಸೊಸೆ ಒಬ್ಬರು. "ಇದರಲ್ಲಿ ನಿಮ್ಮ ಇವತ್ತಿನ ಜಿಡ್ಡು ಎಷ್ಟು ನೋಡಿ ಹೇಳಿ" ಎನ್ನಿ. ಆಮೇಲೆ ಮಾರುವವರು, ಕಾರ್ಯದರ್ಶಿಗಳು, ಪಕ್ಕದಲ್ಲಿ ನಿಂತ ಹುಡುಗರು ಯಾರೂ ಬಾಯಿ ಬಿಡಬಾರದು. ಕೈ ತೋರಿಸಬಾರದು. ಬೆರಳು ಎಲ್ಲಿ ತಡೆಯಿತು, ಯಾವ ಗುಂಡಿ ಒತ್ತಿದರು, ಎಲ್ಲಿ "ಇದೇನಿದು" ಎಂದರು ಎಂಬುದನ್ನಷ್ಟೇ ಬರೆದುಕೊಳ್ಳಬೇಕು. ಮೂರು ಜನ ಒಂದೇ ಜಾಗದಲ್ಲಿ ನಿಂತರೆ ಆ ಜಾಗ ಸರಿಯಾಗಬೇಕು, ಇಲ್ಲದಿದ್ದರೆ ಯಂತ್ರ ವಾಪಸ್.

ಹಾಲು ಕರೆಯುವ ಯಂತ್ರ ಕೊಳ್ಳುವಾಗಲೂ ಇದೇ. ಮಾರುವವರು ಕೊಟ್ಟಿಗೆಗೆ ಬಂದು ತಾವೇ ಚಕಚಕನೆ ಜೋಡಿಸಿ ತೋರಿಸುತ್ತಾರೆ. ನೋಡಿ ಮೆಚ್ಚಬೇಡಿ. ಅದನ್ನು ಪೂರ್ತಿ ಬಿಚ್ಚಿಸಿ, ನೀವೇ ಜೋಡಿಸಿ. ಹಾಲು ತುಂಬಿದ ಡಬ್ಬ ನಿಮ್ಮ ಕೈಗೆ ಎತ್ತಲು ಬರುತ್ತದೆಯೇ, ಒದ್ದೆ ಕೈಯಲ್ಲಿ ಗುಬ್ಬಿ ತಿರುಗುತ್ತದೆಯೇ, ಒತ್ತಡದ ಮುಳ್ಳು ಕೂತಲ್ಲಿಂದ ಕಾಣುತ್ತದೆಯೇ, ಹಾಲು ಹರಿಯುವುದು ನಿಂತದ್ದು ಪಾರದರ್ಶಕ ಬಟ್ಟಲಿನಲ್ಲಿ ತಿಳಿಯುತ್ತದೆಯೇ, ತೊಳೆಯುವ ಬ್ರಷ್ ಕೊಳವೆಯ ಕೊನೆಯವರೆಗೆ ಹೋಗುತ್ತದೆಯೇ ನೋಡಿ. ಕರೆಂಟು ಹೋದರೆ ಮುಂದೇನು ಎಂದು ಕೇಳಿ. ಮುಂಗಡದ ಮಾತು ಅದಾದ ಮೇಲೆ.